ಚೆಂಡ ಮುಟ್ಟಲಾರದವರ ಲೆಕ್ಕಾ ಯಾರು ಬರೀತಾರ?

ಈ ಸಲ ಉಪ್ಪಿನಕಾಯಿ ಇಲ್ಲ, ಚಟ್ನಿಪುಡಿ ಇಲ್ಲ, ಅತ್ತಿ-ಸೊಸಿ ಮಾತಂತೂ ಮೊದಲ ಇಲ್ಲ. ಈ ಸಲ ಬಾಸ್ಕೆಟ್‌ಬಾಲ್. ಅದೂ ಅಂಗಳದಾಗ ಆಡೋದಲ್ಲ, ಟೀವ್ಯಾಗ ಬಟನ್ ಒತ್ತಿ ಆಡೋ ಅಮೆರಿಕಾದ ಕಾಲೇಜ್ ಬಾಸ್ಕೆಟ್‌ಬಾಲ್ ಗೇಮು. "ಈಕಿಗೆ ಮಾಡ್ಲಿಕ್ಕೆ ಬ್ಯಾರೆ ಕೆಲಸ ಇಲ್ಲೇನು" ಅನ್ನೋರು ಅನ್ರಿ, ಆದ್ರ ಪೂರಾ ಓದಿ ಆಮ್ಯಾಲ ಅನ್ರಿ.

ಯಾಕ ಬರೀಲಿಕತ್ತೇನಿ ಅಂದ್ರ, ನಮ್ಮ ಬಳಗದಾಗ ಎರಡ ಮಾತು ಓಡಾಡ್ಲಿಕತ್ತಾವ. ಒಂದು, ನಮ್ಮ ಕಾಕಾ ಹೇಳೋದು: "ಆ ಕಾಲೇಜ್ ಹುಡುಗೂರಿಗೆ ಪುಕ್ಕಟ ಸೀಟ್ ಕೊಟ್ಟಿದ್ರು, ಇರಲಿಕ್ಕೆ ಜಾಗಾ ಕೊಟ್ಟಿದ್ರು, ಉಣ್ಣಲಿಕ್ಕೆ ಕೊಟ್ಟಿದ್ರು. ಮತ್ತ ರೊಕ್ಕಾ ಯಾಕ ಕೇಳಬೇಕು?" ಇನ್ನೊಂದು, ನಮ್ಮ ಅಕ್ಕನ ಅಳಿಯಾ ತನ್ನ ಮಗಗ ಸಾಲಿ ಮ್ಯಾಚ್ ಮುಗದ ಕೂಡಲೇ ಕೇಳೋದು: "ಎಷ್ಟ ಪಾಯಿಂಟ್ ಹೊಡದಿ?" ಈ ಎರಡೂ ಮಾತು ಒಂದ ಗಿಡದ ಕಾಯಿ ಅಂತ ನನ್ನ ವಾದ. ಆ ಗಿಡದ ಬೇರು ಎಲ್ಲದ ಅನ್ನೋದು ನನಗ ಕಂಡಿದ್ದು ಆ ಹುಡುಗನ ಗೇಮ್ ನೋಡಿ.

ನಿಮಗ ಗೊತ್ತದ, ಅಕ್ಕನ ಮಗಳು ಕಾಲ ಮುರಕೊಂಡಾಗ ನಾ ಆರ ತಿಂಗಳ ನಾರ್ತ್ ಕೆರೊಲಿನಾದ ಕೇರಿ ಊರಾಗ ಇದ್ದೆ. ಆ ಕಡೆ ಬಾಸ್ಕೆಟ್‌ಬಾಲ್ ಹುಚ್ಚು ಎಷ್ಟದ ಅಂದ್ರ, ನಮ್ಮ ಕಡೆ ಹುಡುಗೂರಿಗೆ ಕ್ರಿಕೆಟ್ ಹೆಂಗೋ ಹಂಗ. ಸುತ್ತಮುತ್ತ ತಾಸಿನೊಳಗಿನ ದಾರ್ಯಾಗ ಮೂರ ದೊಡ್ಡ ಕಾಲೇಜ್ ತಂಡ ಅವ, ರಾಲಿಯಾಗ ಒಂದು, ಡರಮ್ಮಿನ್ಯಾಗ ಡ್ಯೂಕು, ಚಾಪೆಲ್ ಹಿಲ್ಲಿನ್ಯಾಗ ನಾರ್ತ್ ಕೆರೊಲಿನಾ. ಅಕ್ಕನ ಮೊಮ್ಮಗಗ ಹದಿನೈದ ವರ್ಷ. ಅವನ ಕಡೆ ಯಾರೋ ಆಡಿ ಬಿಟ್ಟ ಹಳೆ ಪ್ಲೇಸ್ಟೇಷನ್ 3 ಅದ, ಅದರಾಗ ಇಎ ಸ್ಪೋರ್ಟ್ಸ್ ಕಂಪನಿಯ ಎನ್‌ಸಿಎಎ ಬಾಸ್ಕೆಟ್‌ಬಾಲ್ 10 ಅನ್ನೋ ಗೇಮು. 2009ರ ನವೆಂಬರಿನ್ಯಾಗ ಬಂದದ್ದು. ಡಬ್ಬಿ ಮ್ಯಾಲ ಓಕ್ಲಹೋಮಾದ ಬ್ಲೇಕ್ ಗ್ರಿಫಿನ್ ಚಿತ್ರ. ಇಷ್ಟ ಹಳೇದು ಯಾಕಪಾ ಅಂದ್ರ, "ಅಜ್ಜೀ, ಇದರ ನಂತರ ಕಾಲೇಜ್ ಬಾಸ್ಕೆಟ್‌ಬಾಲಿನ ಇಂಥಾ ಗೇಮ್ ಬಂದ ಇಲ್ಲ" ಅಂದಾ.

ನನಗ ಸಂಜೀಕ ಅಕ್ಕನ ಮಗಳ ಕಾಲಿಗೆ ಎಣ್ಣಿ ಹಚ್ಚೋ ಕೆಲಸ. ಆಕಿ ಸೋಫಾದ ಮ್ಯಾಲ, ನಾ ಕೆಳಗ, ಎದುರಿಗೆ ಟೀವಿ. ಆರ ತಿಂಗಳ ನೋಡಿದ್ರ ಕಲ್ಲಿಗೂ ಆಟ ತಿಳೀತದ.

ಮೊದಲ ಒಂದ ಲೆಕ್ಕಾ ಹೇಳ್ತೇನಿ. ಕಾಲೇಜ್ ಆಟ 40 ನಿಮಿಷದ್ದು. ಎರಡ ತಂಡ, ಸುಮಾರು ಅರ್ಧಾ ಹೊತ್ತು ಚೆಂಡ ನಮ್ಮ ಕಡೆ ಅಂದ್ರೂ 20 ನಿಮಿಷ. ಆಡೋರು ಐದ ಮಂದಿ. ಸಮಾ ಹಂಚಿದ್ರ ಒಬ್ಬೊಬ್ಬನ ಕೈಯಾಗ ಚೆಂಡ ಇರೋದು ನಾಲ್ಕ ನಿಮಿಷ. ಉಳದ 16 ನಿಮಿಷ ಅವ ಏನ ಮಾಡ್ತಾನ? ನೋಡೋರ ಕಣ್ಣೆಲ್ಲಾ ಚೆಂಡಿನ ಹಿಂದ. ಚೆಂಡ ಇಲ್ಲದವ ಏನ ಮಾಡಬೇಕು ಅನ್ನೋದರ ಶಾಸ್ತ್ರಕ್ಕನ ಅಲ್ಲಿ ಮಂದಿ ಅಫೆನ್ಸ್ ಸಿಸ್ಟಮ್ ಅಂತಾರ. ಪಾಯಿಂಟ್ ಹೊಡ್ಯೋದು ಹೆಂಗ ಅಂತ ಕಲಿಸೋದಲ್ಲ ಅದು. ನಾಲ್ಕ ಮಂದಿ ಹೆಂಗ ಓಡಾಡಿದ್ರ ಐದನೇಯವಗ ಪಾಯಿಂಟ್ ಸಿಗ್ತದ ಅಂತ ಕಲಿಸೋದು.

ನಮ್ಮ ಮದುವಿ ಮನಿ ಪಂಕ್ತಿ ನೆನಪ ಮಾಡ್ಕೋರಿ. ಒಬ್ಬಾಕಿ ಅನ್ನದ ಬುಟ್ಟಿ, ಆಕಿ ಹಿಂದ ತೊವ್ವೆ, ಅದರ ಹಿಂದ ತುಪ್ಪದ ಗಿಂಡಿ. ತುಪ್ಪದಾಕಿ ತೊವ್ವೆಯಾಕಿನ್ನ ದಾಟಿದ್ರ ಎಲಿ ಮ್ಯಾಲ ಬರೇ ಅನ್ನಕ್ಕ ತುಪ್ಪಾ. ಉಪ್ಪಿನಕಾಯಿಯಾಕಿ ತಡಾ ಮಾಡಿದ್ರ ಹಿಂದ ಇಡೀ ಸಾಲ ನಿಂತು ಬಿಡ್ತದ. ಯಾರೂ ಒದರಿ ಹೇಳಂಗಿಲ್ಲ, ಎಲ್ಲಾರಿಗೂ ಕಾಲ ಗೊತ್ತಿರ್ತದ. ಬೀಗರು ಹೊಗಳೋದು ಮಾತ್ರ ಹೋಳಿಗಿ ಹಾಕಿದಾಕಿನ್ನ.

ಈ ಗೇಮಿನ ಹೆಚ್ಚಾಯ ಅಂದ್ರ ಅದ. ಇದಕ್ಕಿಂತ ಹಿಂದಿನವುಗಳೊಳಗ ಬಟನ್ ಒತ್ತಿ ಒಂದ ಪ್ಲೇ ಕರದ್ರ ಮಂದಿ ಓಡ್ತಿದ್ರು, ಅದು ಮುಗದ ಮ್ಯಾಲ ಕಂಬದಂಗ ನಿಂತು ನಿನ್ನ ಮುಖಾ ನೋಡ್ತಿದ್ರಂತ. ಇದರಾಗ ಮೋಷನ್ ಅಫೆನ್ಸ್ ಅಂತ ತಂದ್ರು. ಚೆಂಡ ನಿನ್ನ ಕೈಯಾಗಿದ್ರೂ ಉಳದ ನಾಲ್ಕ ಮಂದಿ ತಮ್ಮ ತಂಡದ ಪದ್ಧತಿ ಪ್ರಕಾರ ಒಂದ ಸಮ ತಿರಗತಾನ ಇರ್ತಾರ. ನೀ ನೋಡಿ, ತಾಳಿ, ಸರಿ ಹೊತ್ತಿಗೆ ಚೆಂಡ ಬಿಡಬೇಕು ಅಷ್ಟ. ಪ್ರಿನ್ಸ್‌ಟನ್, ಫ್ಲೆಕ್ಸ್ ಅಂತ ಖರೇ ಆಟದಾಗಿನ ಹೆಸರಾಂತ ಪದ್ಧತಿಗಳು.

ಫ್ಲೆಕ್ಸ್ ಹೇಳ್ತೇನಿ, ನನಗ ಭಾಳ ಸೇರಿದ್ದು ಅದು. ಅಂಗಳದ ಮೂಲ್ಯಾಗ ಒಬ್ಬ ನಿಂತಿರ್ತಾನ. ಬುಟ್ಟಿ ಹತ್ರ ಇದ್ದ ಅವನ ಜೋಡೀದಾರ, ಮೂಲಿಯವನ್ನ ಕಾಯೋ ಎದುರಾಳಿಯ ದಾರಿಗೆ ಹೋಗಿ ಅಡ್ಡ ನಿಂದರ್ತಾನ. ಇದಕ್ಕ ಸ್ಕ್ರೀನ್ ಅಂತಾರ. ಮೂಲಿಯವ ಆ ಅಡ್ಡ ನಿಂತವನ ಮೈ ಸವರಿಕೊಂಡ ಹೋದಂಗ ಬುಟ್ಟಿ ಕೆಳಗ ಓಡ್ತಾನ. ಚೆಂಡ ಸಿಕ್ತೋ, ಎರಡ ಪಾಯಿಂಟು. ಸಿಗಲಿಲ್ಲೋ, ಈಗ ಇನ್ನೊಬ್ಬ ಬಂದು, ಇಷ್ಟೊತ್ತು ಅಡ್ಡ ನಿಂತಿದ್ದನಲ್ಲಾ, ಅವನ ಸಲುವಾಗಿ ಅಡ್ಡ ನಿಂದರ್ತಾನ. ಅವ ಬಿಡಿಸಿಕೊಂಡು ಮ್ಯಾಲ ಬಂದು ಚೆಂಡಿಗೆ ಕೈ ಚಾಚ್ತಾನ. ಚೆಂಡ ಆ ಮಗ್ಗಲದಿಂದ ಈ ಮಗ್ಗಲಕ್ಕ ಬಂತು, ಅದ ಆಟ ಈ ಮೂಲಿಂದ ಮತ್ತ ಶುರು. ಎಳಿ ತಪ್ಪಲಾರದ ರಂಗೋಲಿ. ಮೇರಿಲ್ಯಾಂಡಿನ ಕೋಚ್ ಗ್ಯಾರಿ ವಿಲಿಯಮ್ಸ್ ಇದ ಫ್ಲೆಕ್ಸ್ ಆಡಿಸಿ 2002ರಾಗ ಇಂಡಿಯಾನಾದ ಮ್ಯಾಲ 64-52ರಿಂದ ಗೆದ್ದು ಇಡೀ ದೇಶದ ಕಪ್ ತೊಗೊಂಡ್ರು.

ಅಡ್ಡ ನಿಂದ್ರೋದು ಅಂದ್ರ ಸುಮ್ಮನ ಅಲ್ಲ ಮತ್ತ. ಅಲ್ಲಾಡಬಾರದು. ಎದುರಿನವ ಓಡಿ ಬಂದು ಎದಿಗೆ ಢಿಕ್ಕಿ ಹೊಡೀತಾನ ಅಂತ ಗೊತ್ತಿದ್ದೂ ಕಾಲ ಊರಿ ನಿಂದರಬೇಕು. ಸರದಾಡಿ ಅವನ್ನ ತಡದ್ರ ಫೌಲು, ಚೆಂಡೂ ಹೋತು. ಈಗ ಮ್ಯಾಚ್ ಮುಗದ ಮ್ಯಾಲ ಒಂದ ಹಾಳಿ ಬರ್ತದ. ಗೇಮಿನ್ಯಾಗೂ ಬರ್ತದ, ಖರೇ ಮ್ಯಾಚಿನ್ಯಾಗೂ ಬರ್ತದ. ಯಾರು ಎಷ್ಟ ಪಾಯಿಂಟ್, ಎಷ್ಟ ರಿಬೌಂಡ್, ಪಾಯಿಂಟ್ ಆಗೋ ಚೆಂಡ ಯಾರು ಕೊಟ್ರು, ಎಷ್ಟ ಫೌಲ್, ಎಷ್ಟ ಸಲ ಚೆಂಡ ಕಳದ್ರು ಎಲ್ಲಾ ಇರ್ತದ. ಎಷ್ಟ ಸಲ ಅಡ್ಡ ನಿಂತ್ರು ಅನ್ನೋ ಮನಿ ಆ ಹಾಳ್ಯಾಗ ಇಲ್ಲ. ತಿಳೀತೇನ್ರಿ? ಅಡ್ಡ ನಿಂತದ್ದು ಸರಿ ಆದ್ರ ಎಲ್ಲೂ ಬರಿಯಂಗಿಲ್ಲ. ತಪ್ಪಿದ್ರ ಮಾತ್ರ ಅವನ ಹೆಸರಿನ ಮುಂದ ಫೌಲ್ ಒಂದು, ಚೆಂಡ ಕಳದದ್ದು ಒಂದು, ಎರಡ ಕಡೆ ಬೀಳ್ತದ. ಸಾರಿಗೆ ಉಪ್ಪ ಸರಿ ಆದ್ರ ಯಾವ ಗಂಡಸು ಬಾಯಿ ತಗದಾನ ಹೇಳ್ರಿ.

ಅಕ್ಕನ ಮೊಮ್ಮಗ ಸಾಲಿ ತಂಡದಾಗ ಈ ಅಡ್ಡ ನಿಂದ್ರೋ ಕೆಲಸದವ. ಎತ್ತರ ಇದ್ದಾನ, ಚೆಂಡ ಒಗ್ಯೋ ಕೈ ಅಷ್ಟಕ್ಕಷ್ಟ. ಮ್ಯಾಚ್ ನೋಡ್ಲಿಕ್ಕೆ ನಾ ಹೋದಾಗೆಲ್ಲಾ ಅವನ ದಂಡಿ, ಪಕ್ಕಡಿ ಕೆಂಪಾಗಿರ್ತಿದ್ದವು. ಕಾರ್ ಹತ್ತಿದ ಕೂಡಲೇ ಅಪ್ಪನ ಪ್ರಶ್ನಿ: "ಎಷ್ಟ ಪಾಯಿಂಟ್?" ಇವ ಒಮ್ಮೆ ಎರಡು, ಒಮ್ಮೆ ಸೊನ್ನಿ. ಅಪ್ಪ ಹೊರಗ ನೋಡ್ತಾನ, ಮಗ ಫೋನ್ ನೋಡ್ತಾನ. ಅಳಿಯಾ ಕೆಟ್ಟವ ಅಲ್ಲರಿ, ನಾ ಹಂಗ ಹೇಳಂಗಿಲ್ಲ. ಅವಗ ಬರೋ ಲೆಕ್ಕಾ ಅದೊಂದ. ಆದ್ರ ಹುಡುಗ ಮುಂದಿನ ವರ್ಷ ತಂಡಾ ಬಿಡ್ತೇನಿ ಅನ್ನಲಿಕತ್ತಾನ, ಅದಕ್ಕ ನನಗ ಸಿಟ್ಟದ.

ಈಗ ಪ್ರಿನ್ಸ್‌ಟನ್ ವಿಷಯಕ್ಕ ಬರ್ತೇನಿ, ಯಾಕಂದ್ರ ಕಾಕಾನ ಪುಕ್ಕಟ ಸೀಟಿನ ವಾದ ಮೊದಲ ಮುರಿಯೋದು ಅಲ್ಲೆ.

ಪ್ರಿನ್ಸ್‌ಟನ್ ಅಂದ್ರ ಓದಿನ ಕಾಲೇಜು. ಅಲ್ಲೆ ಪೀಟ್ ಕ್ಯಾರಿಲ್ ಅಂತ ಕೋಚ್ ಇದ್ರು, 1967ರಿಂದ 1996ರ ತನಕಾ. ಅವರ ಕಡೆ ಜಿಗದು ಬಡಿಯೋ ಹುಡುಗೂರು ಬರ್ತಿದ್ದಿಲ್ಲ. ಅದಕ್ಕ ಅವರು ಎಲ್ಲಾರನ್ನೂ ಬುಟ್ಟಿಯಿಂದ ದೂರ ಹಚ್ಚಿ ನಿಲ್ಲಿಸಿದ್ರು. ಎತ್ತರದವ ಸುದ್ದಾ ಮ್ಯಾಲ ಬಂದು ನಿಂದರಬೇಕು, ಆಗ ಅವನ್ನ ಕಾಯೋ ಎದುರಿನ ಎತ್ತರದವನೂ ಬುಟ್ಟಿ ಬಿಟ್ಟು ಹೊರಗ ಬರ್ತಾನ. ಬುಟ್ಟಿ ಕೆಳಗ ಖಾಲಿ. ಆಮ್ಯಾಲ ಚೆಂಡ ತಡೀಲಿಕ್ಕೆ ಎದುರಾಳಿ ಒಂದ ಹೆಜ್ಜಿ ಜಾಸ್ತಿ ಮುಂದ ಬಂದಾ ಅಂದ್ರ, ಅವನ ಬೆನ್ನ ಹಿಂದಿಂದ ನುಸುಳಿ ಓಡಬೇಕು. ಮುಂಬಾಗಲಾಗ ಅತ್ತಿ ನಿಂತಾಗ ಹಿತ್ತಲ ಬಾಗಲದಿಂದ ಸಿನೇಮಾಕ್ಕ ಹೋಗ್ತಿದ್ದಿವಲ್ಲಾ, ಥೇಟ್ ಹಂಗ. ಅವರೂ ಅದಕ್ಕ ಹಿತ್ತಲ ಬಾಗಲಾ ಅಂತನ ಹೆಸರಿಟ್ಟಾರ, ಬ್ಯಾಕ್‌ಡೋರ್ ಕಟ್.

1996ರ ಮಾರ್ಚಿನ್ಯಾಗ ಇಂಡಿಯಾನಾಪೊಲಿಸಿನ್ಯಾಗ ಪ್ರಿನ್ಸ್‌ಟನ್ನಿಗೆ ಎದುರಾದದ್ದು ಯುಸಿಎಲ್ಎ, ಹಿಂದಿನ ವರ್ಷ ಕಪ್ ಗೆದ್ದ ತಂಡ. 41-41. ಇನ್ನ ಕೆಲವ ಸೆಕೆಂಡ್ ಉಳದಾವ. ಸ್ಟೀವ್ ಗುಡ್ರಿಚ್ ಚೆಂಡ ಹಿಡಕೊಂಡಾನ, ಗೇಬ್ ಲೆವುಲಿಸ್ ಹಿತ್ತಲ ಬಾಗಲದಿಂದ ನುಗ್ಗಿದಾ, ಚೆಂಡ ಬಂತು, ಹಾಕಿದಾ. 43-41. ಇವತ್ತಿಗೂ ಅದನ್ನ ಮತ್ತ ಮತ್ತ ತೋರಿಸ್ತಾರ. ಹಾಕಿದವನ ಹೆಸರು ಹೇಳ್ತಾರ, ಕೊಟ್ಟವನ ಹೆಸರೂ ಹೇಳ್ತಾರ. ಉಳದ ಮೂರ ಮಂದಿ ತಮ್ಮ ತಮ್ಮ ಕಾವಲುಗಾರರನ್ನ ದೂರ ಎಳಕೊಂಡು ನಿಂತದ್ದಕ್ಕನ ಬುಟ್ಟಿ ಕೆಳಗ ಖಾಲಿ ಇತ್ತು. ಅವರ ಹೆಸರು ಕೇಳಿ ನೋಡ್ರಿ, ಆ ಊರ ಮಂದಿನೂ ತಲಿ ತುರಿಸ್ಕೋತಾರ.

ಮತ್ತ ಕಾಕಾ, ಕೇಳ್ರಿ ಇಲ್ಲೆ. ಪ್ರಿನ್ಸ್‌ಟನ್ ಇರೋದು ಐವಿ ಲೀಗಿನ್ಯಾಗ. ಆ ಲೀಗಿನ್ಯಾಗ ಆಟ ಆಡ್ತಾರ ಅಂತ ಯಾರಿಗೂ ಸ್ಕಾಲರ್‌ಶಿಪ್ ಕೊಡಂಗಿಲ್ಲ. ನಿಮ್ಮ ಪುಕ್ಕಟ ಸೀಟು ಅವರಿಗೆ ಇರಲಾರದ ಮಾತು. ಆದ್ರೂ ಅವರು ಬೆವರ ಸುರಿಸಿ ಖರೇ ಮಾಡಿ ತೋರಿಸಿದ ಪದ್ಧತಿ ಗೇಮಿನೊಳಗ ಬಂತು, ಕಾಲೇಜಿನ ಹೆಸರಲೇ ಮಾರಾಟ ಆತು.

ಸಿಸ್ಟಮ್ ಕೋಚಿಂದು, ಹುಡುಗೂರು ಇವತ್ತ ಬರ್ತಾರ ನಾಳೆ ಹೋಗ್ತಾರ ಅನ್ನೋರೂ ಇದ್ದಾರ. ಕೋಚ್ ದೊಡ್ಡವರಲ್ಲ ಅಂತ ನಾ ಅನ್ನಂಗಿಲ್ಲ. ಕ್ಯಾರಿಲ್ ಅವರ ತಲಿ ತಲಿನ. ಆದ್ರ ಹಲಗಿ ಮ್ಯಾಲಿನ ಗೆರಿ ಸುಣ್ಣದ್ದು, ಅದು ಓಡಂಗಿಲ್ಲ. ಇನ್ನ ಸಿಸ್ಟಮ್ಮಿಗೆ ಹೆಸರು ಯಾರ್ದು ಬೀಳ್ತದ ಅನ್ನೋದರಾಗೂ ಒಂದ ತಮಾಷಿ ಅದ. ಡ್ರಿಬಲ್ ಡ್ರೈವ್ ಅಂತ ಇನ್ನೊಂದ ಪದ್ಧತಿ, ಚೆಂಡ ಬಡಕೋತ ಸೀದಾ ಬುಟ್ಟಿಗೆ ನುಗ್ಗೋದು, ಉಳದವರು ದೂರ ದೂರ ನಿಂತು ದಾರಿ ಖುಲ್ಲಾ ಇಡೋದು. ಇದನ್ನ ಹುಟ್ಟಿಸಿದವರು ವ್ಯಾನ್ಸ್ ವಾಲ್ಬರ್ಗ್, ಫ್ರೆಸ್ನೋ ಊರಿನ ಒಂದ ಸಣ್ಣ ಕಾಲೇಜಿನ ಕೋಚು. ಅವರ ಕಡಿಂದ ಕಲ್ತು, ಬ್ಯಾರೆ ಹೆಸರಿಟ್ಟು, ಮೆಂಫಿಸ್ ತಂಡಾನ 2008ರಾಗ ಫೈನಲ್ ತನಕಾ ಒಯ್ದವರು ಜಾನ್ ಕ್ಯಾಲಿಪರಿ. ಮಂದಿ ಬಾಯಾಗ ಅದು ಕ್ಯಾಲಿಪರಿದ ಆತು. 2009ರಾಗ, ಈ ಗೇಮ್ ಬಂದ ವರ್ಷನ, ಕೆಂಟಕಿ ಕಾಲೇಜು ಅವರಿಗೆ ಎಂಟ ವರ್ಷಕ್ಕ 3 ಕೋಟಿ 16 ಲಕ್ಷ 50 ಸಾವಿರ ಡಾಲರಿನ ಕರಾರ ಬರದು ಕೊಡ್ತು. ರೂಪಾಯಿ ಅಲ್ಲರೀ, ಡಾಲರು. ಅವರ ತಂಡದಾಗ ಓಡಿದ ಹುಡುಗೂರಿಗೆ ಪಗಾರ ಅಂತ ಒಂದ ಡಾಲರ್ ತೊಗೊಂಡ್ರೂ ಆಗಿನ ಎನ್‌ಸಿಎಎ ನಿಯಮದ ಪ್ರಕಾರ ಆಟದಿಂದನ ಹೊರಗ. ಎನ್‌ಸಿಎಎ ಅಂದ್ರ ಕಾಲೇಜ್ ಆಟಗಳನ್ನ ನಡಸೋ ದೊಡ್ಡ ಸಂಸ್ಥಾ.

ಈಗ ಆ ಗೇಮಿನ್ಯಾಗ ಆಡೋರ ಹೆಸರು ನೋಡೋಣು. ಇಲ್ಲ! ನಂಬರ್ ಅದ. ಎತ್ತರ ಅದ, ತೂಕ ಅದ, ಮೈಬಣ್ಣ ಅದ, ಯಾವ ರಾಜ್ಯದವ ಅನ್ನೋದದ. ಖರೇ ಹುಡುಗ ಎಡಗೈಲೇ ಆಡೋನಾದ್ರ ಇಲ್ಲೂ ಎಡಗೈ. ಹೆಸರೊಂದ ಇಲ್ಲ. ಯಾಕಂದ್ರ ಹೆಸರ ಹಾಕಿದ್ರ ರೊಕ್ಕಾ ಕೊಡಬೇಕಾಗ್ತಿತ್ತು, ಕೊಟ್ರ ಆಗಿನ ನಿಯಮ ಮುರೀತಿತ್ತು. ಎಲ್ಲಾ ಹೋಲಿಸಿ ಹೆಸರೊಂದ ಬಿಟ್ರ ಅದು ಅವನ ಅಲ್ಲ ಅಂತಂದ್ರ, ನಮ್ಮ ಓಣ್ಯಾಗ ಎರಡನೇತ್ತೆ ಮಗು ಸುದ್ದಾ ನಕ್ಕೀತು. (ಹೆಣ್ಣಮಕ್ಕಳ ತಂಡಾನೂ ಅದರಾಗ ಒಂದೂ ಇಲ್ಲ. ಅವರಿಗೆ ನಂಬರೂ ಸಿಗಲಿಲ್ಲ. ಅದರ ಮ್ಯಾಲ ಇನ್ನೊಮ್ಮೆ ಬರೀತೇನಿ, ಈಗ ಬರದ್ರ ನನ್ನ ಬಿಪಿ ಏರ್ತದ.)

ನಮ್ಮ ಹುಡುಗ ಏನ ಮಾಡ್ತಾನ ಗೊತ್ತೇನು? 2009ರ ತಂಡಗಳ ಹಳೆ ಪಟ್ಟಿ ಹುಡುಕಿ, ಆ ನಂಬರಿನ ಜಾಗಾದಾಗ ಒಂದೊಂದ ಹೆಸರ ಟೈಪ್ ಮಾಡ್ಕೋತ ಕೂಡ್ತಾನ. ಪ್ಲೇಸ್ಟೇಷನ್ನಿನ್ಯಾಗ ಟೈಪ್ ಮಾಡೋದು ಅಂದ್ರ ಒಂದೊಂದ ಅಕ್ಷರಕ್ಕ ಬಾಣ ಸರಸ್ಕೋತ ಹೋಗಬೇಕು. ಅವಗ ಯಾರೂ ಹೇಳಿದ್ದಿಲ್ಲ. "ಹೆಸರಿಲ್ಲದ ಮಂದಿ ಜೋಡಿ ಆಡಲಿಕ್ಕೆ ಹೆಂಗೋ ಅನಸ್ತದ ಅಜ್ಜೀ" ಅಂದಾ. ಕೋಟಿಗಟ್ಟಲೆ ಬೆಲಿ ಬಾಳೋ ಕಂಪನಿ ಬಿಟ್ಟ ಕೆಲಸ ಹದಿನೈದ ವರ್ಷದ ಹುಡುಗ ಪುಕ್ಕಟ ಮಾಡ್ಲಿಕತ್ತಾನ.

ಎಡ್ ಒಬ್ಯಾನನ್ ಅನ್ನೋರ ಕಥಿ ಇಲ್ಲೆ ಬರ್ತದ. 1995ರಾಗ ಯುಸಿಎಲ್ಎ ಕಪ್ ಗೆದ್ದಾಗ ಫೈನಲ್ಲಿನ್ಯಾಗ 30 ಪಾಯಿಂಟ್ ಹೊಡದವರು ಅವರು. ಆಮ್ಯಾಲ ಲಾಸ್ ವೇಗಸ್ಸಿನ್ಯಾಗ ಕಾರ್ ಮಾರೋ ಅಂಗಡ್ಯಾಗ ಕೆಲಸಕ್ಕಿದ್ರು. ಒಂದಿನ ಗೆಳೆಯನ ಮನಿಗೆ ಹೋದಾಗ ಆ ಮನಿ ಹುಡುಗ ಇದ ಸಾಲಿನ ಒಂದ ಗೇಮ್ ಆಡ್ಲಿಕತ್ತಿದ್ದ. ಟೀವ್ಯಾಗ ಹಳೆ ಯುಸಿಎಲ್ಎ ತಂಡ, 31 ನಂಬರು, ಬೋಳ ತಲಿ, ಎಡಗೈಲೇ ಚೆಂಡ ಒಗೀತಾನ. ಇವರ! ಹೆಸರ ಮಾತ್ರ ಇಲ್ಲ. 2009ರ ಜುಲೈದಾಗ ಎನ್‌ಸಿಎಎ ಮ್ಯಾಲ ಕೇಸ್ ಹಾಕಿದ್ರು. ಗೇಮ್ ಕಂಪನಿ ಮತ್ತ ಲೈಸೆನ್ಸ್ ಕಂಪನಿ ಸೇರಿ 4 ಕೋಟಿ ಡಾಲರ್ ಕೊಟ್ಟು ರಾಜಿ ಆದ್ರು. ಎನ್‌ಸಿಎಎ ಮಾತ್ರ ಜಗ್ಗಾಡಿತು. 2014ರ ಆಗಸ್ಟಿನ್ಯಾಗ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ಅವರು, ಹುಡುಗೂರ ಹೆಸರು-ಮುಖದ ರೊಕ್ಕಾ ಅವರಿಗೆ ಮುಟ್ಟಲಾರದಂಗ ತಡಿಯೋ ಈ ನಿಯಮ ಕಾಯ್ದೆಕ್ಕ ವಿರುದ್ಧ ಅಂತ ತೀರ್ಪು ಕೊಟ್ರು. ಮ್ಯಾಲಿನ ಕೋರ್ಟು ಅದರಾಗ ಒಂದಿಷ್ಟ ಕತ್ತರಿಸಿತು, ಆದ್ರ ಬುಡಾ ಉಳೀತು.

ಇಲ್ಲೆ ಒಂದ ಸುಳ್ಳ ಭಾಳ ಓಡ್ಲಿಕತ್ತದ, ಅಳಿಯಾನೂ ಅದನ್ನ ನಂಬ್ಯಾನ. ಏನಂದ್ರ, ಒಬ್ಯಾನನ್ ಕೇಸ್ ಹಾಕಿದ್ದಕ್ಕನ ಹುಡುಗೂರ ಬಾಸ್ಕೆಟ್‌ಬಾಲ್ ಗೇಮ್ ಬಂದ್ ಆತು ಅಂತ. ತಾರೀಖು ಹಿಡಕೊಂಡ ನೋಡ್ರಿ. ಇನ್ನೊಂದ ಕಂಪನಿ, 2ಕೆ, ತನ್ನ ಕಡೀ ಕಾಲೇಜ್ ಬಾಸ್ಕೆಟ್‌ಬಾಲ್ ಗೇಮ್ ತಂದದ್ದು 2007ರಾಗ. ಆಗ ಕೇಸ್ ಹುಟ್ಟಿದ್ದ ಇಲ್ಲ. ಇಎ ಮುಂದಿನ ಬಾಸ್ಕೆಟ್‌ಬಾಲ್ ತರಂಗಿಲ್ಲ ಅಂತ ಕೈ ಬಿಟ್ಟದ್ದು 2010ರಾಗ, ತೀರ್ಪು ಬರಲಿಕ್ಕೆ ಇನ್ನ ನಾಲ್ಕ ವರ್ಷ ಇತ್ತು. ಕೇಸಿಗೆ ಅಂಜಿ ಬಿಟ್ಟಿದ್ರ ಫುಟ್‌ಬಾಲನ್ನೂ ಆಗನ ಬಿಡಬೇಕಾಗಿತ್ತಲ್ಲಾ? ಅದನ್ನ ಇದ ಕಂಪನಿ 2013ರ ತನಕಾ ವರ್ಷಾ ವರ್ಷಾ ತಂದು ಮಾರತು, ಅದರಾಗೂ ಹೆಸರಿಲ್ಲದ ನಂಬರಿನ ಹುಡುಗೂರ. ಫುಟ್‌ಬಾಲ್ ಖಪ್ತಿತ್ತು, ಅದಕ್ಕ ಇತ್ತು. ಬಾಸ್ಕೆಟ್‌ಬಾಲ್ ಅಷ್ಟ ಖಪ್ತಿದ್ದಿಲ್ಲ, ಹೋತು. ವ್ಯಾಪಾರ ಲಾಭ ಇಲ್ಲ ಅಂತ ಅಂಗಡಿ ಮುಚ್ಚಿದವನ್ನ ಬಿಟ್ಟು, ಬಾಕಿ ಕೇಳ್ಲಿಕ್ಕೆ ಬಂದವನ್ನ ಬೈಯೋದು ಯಾವ ನ್ಯಾಯ? ನಮ್ಮ ಮನಿಗಳೊಳಗೂ ಇದ ನಡೀತದ. ಪಾಲ ಕೇಳಿದ ತಂಗಿಯಿಂದನ ಮನಿ ಒಡೀತು ಅಂತಾರ. ಅದಕ್ಕಿಂತ ಹತ್ತ ವರ್ಷ ಮೊದಲ ಅಣ್ಣತಮ್ಮಂದಿರು ಒಲಿ ಬ್ಯಾರೆ ಮಾಡಿದ್ದು ಯಾರಿಗೂ ನೆನಪಿರಂಗಿಲ್ಲ.

ಪುಕ್ಕಟ ಸೀಟಿನ ಮಾತಿಗೆ ಪೂರಾ ಉತ್ತರಾ ಕೊಟ್ಟ ಬಿಡ್ತೇನಿ. ಸೀಟ್ ಕೊಟ್ಟದ್ದು ಕಾಲೇಜಿನ ಅಂಗಳದಾಗ ಆಡಲಿಕ್ಕೆ. ಗೇಮ್ ಕಂಪನಿಯವರು ಅವನ ಮೈ, ಅವನ ಕೈ, ಅವ ಓಡೋ ದಾರಿ ತೊಗೊಂಡು ಡಬ್ಬಿಗೆ ಹಾಕಿ ಮಾರಿದ್ರು. ಅದಕ್ಕ ಸೀಟಿಗೆ ಏನ ಸಂಬಂಧ? ಮನಿಯಾಗ ಊಟಾ ಹಾಕ್ತೇವಿ ಅಂತ ಸೊಸಿ ಮಾಡಿದ ಹಪ್ಪಳಾ ಪ್ಯಾಟ್ಯಾಗ ಮಾರಿ ಮಾವ ಕಿಸೆಕ್ಕ ಹಾಕೊಂಡ್ರ ನಾವು ಸುಮ್ಮನಿರ್ತೇವೇನು? ಒಂದ ಕಾಲದಾಗ ಸುಮ್ಮನಿದ್ದಿವಿ, ಅದ ಬ್ಯಾರೆ ಮಾತು. "ಉಣ್ಣಲಿಕ್ಕೆ ಉಡಲಿಕ್ಕೆ ಏನ ಕಡಿಮಿ ಮಾಡೇವಿ" ಅನ್ನೋ ಮಾತು ಯಾರ ಬಾಯಿಂದ ಬಂದ್ರೂ ನನಗ ತಟ್ಟನೆ ಗುರ್ತ ಹತ್ತತದ. ಮೂವತ್ತ ವರ್ಷ ಕೇಳೇನಿ.

2021ರ ಜುಲೈದಿಂದ ಅಲ್ಲೆ ಹುಡುಗೂರು ತಮ್ಮ ಹೆಸರು, ಮುಖದ ರೊಕ್ಕಾ ತಾವು ತೊಗೋಬಹುದು ಅಂತಾತು. 2024ರಾಗ ಕಾಲೇಜ್ ಫುಟ್‌ಬಾಲ್ ಗೇಮ್ ಮತ್ತ ಬಂತು, ಈ ಸಲ ಹೆಸರಿನ ಸಮೇತ. ಒಪ್ಪಿದ ಒಬ್ಬೊಬ್ಬಗ 600 ಡಾಲರು, ಅಂದ್ರ ಸುಮಾರು ಐವತ್ತ ಸಾವಿರ ರೂಪಾಯಿ, ಮ್ಯಾಲ ಒಂದ ಗೇಮು. ಕಡಿಮಿ ಅಂತೀರಿ? ಕಡಿಮಿನ. ಡಬ್ಬಿ ಮ್ಯಾಲ ಮುಖಾ ಇದ್ದವರಿಗೆ ಬ್ಯಾರೆ ಕರಾರು, ಬ್ಯಾರೆ ರೊಕ್ಕಾ. ಆದ್ರ ಒಂದ ನನಗ ಸೇರತು: ಆ 600 ಚೆಂಡ ಹಾಕೋನಿಗೂ ಅಷ್ಟ, ಅವನ ಮುಂದ ನಿಂತು ಪೆಟ್ಟ ತಿನ್ನೋನಿಗೂ ಅಷ್ಟ. ಆಟದ ಹಾಳ್ಯಾಗ ಬರಲಾರದವನ ಹೆಸರು ಸಂಬಳದ ಹಾಳ್ಯಾಗ ಬಂತು.

2025ರ ಜೂನಿನ್ಯಾಗ ಅದ ಕಂಪನಿ ಕಾಲೇಜ್ ಬಾಸ್ಕೆಟ್‌ಬಾಲ್ ಗೇಮ್ ಮತ್ತ ತರ್ತೇವಿ ಅಂತ ಸಾರ್ಯದ. ಹುಡುಗ ಫೋನ್ ಮಾಡಿ ಕುಣದಾಡಿದಾ. ಪ್ರಿನ್ಸ್‌ಟನ್, ಫ್ಲೆಕ್ಸ್ ಎಲ್ಲಾ ಇನ್ನೂ ಛಲೋ ಮಾಡ್ತಾರಂತ ಅವನ ಆಸೆ. ಮಾಡ್ಲಿ. ನನ್ನ ಕೇಳಿದ್ರ ಮೊದಲ ಆ ಕಡೀ ಹಾಳಿ ಬದಲ ಮಾಡ್ಲಿ. ಇವರ ಕಂಪ್ಯೂಟರಿಗೆ ಯಾವ ಹುಡುಗ ಯಾವ ಸೆಕೆಂಡಿಗೆ ಎಲ್ಲೆ ಅಡ್ಡ ನಿಂದರಬೇಕು ಅಂತ ಹೇಳಲಿಕ್ಕೆ ಬರ್ತದ ಅಂದ್ಮ್ಯಾಲ, ಎಷ್ಟ ಸಲ ನಿಂತಾ ಅಂತ ಎಣಸಲಿಕ್ಕೆ ಬರಂಗಿಲ್ಲೇನು? ಬರ್ತದ. ಎಣಸೋ ಮನಸಿಲ್ಲ ಅಷ್ಟ. ಎಣಸಿದ್ದನ್ನ ಹುಡುಗೂರು ನೋಡ್ತಾರ, ನೋಡಿದ್ದನ್ನ ಬೆಲಿ ಬಾಳೋದು ಅಂತ ತಿಳೀತಾರ. ಅಳಿಯಾನೂ ಚಿಕ್ಕಂದಿನಾಗ ಪೇಪರಿನ್ಯಾಗ ಬರೇ ರನ್ ಓದಿ ಬೆಳದವನ.

ಹುಡುಗಗ ನಾ ಒಂದ ಕೆಲಸ ಹಚ್ಚಿ ಬಂದೇನಿ. ಅಲ್ಲಿದ್ದಾಗ ಹಾಲಿನ ಲೆಕ್ಕಾ ಬರೀಲಿಕ್ಕೆ ಅಂತ ಒಂದ ನೋಟಬುಕ್ ತೊಗೊಂಡಿದ್ದೆ, ಅಲ್ಲೆ ಹಾಲಿನವ ಬರೋದ ಇಲ್ಲ, ಖಾಲಿ ಉಳದಿತ್ತು. ಅದರಾಗ ಅಡ್ಡ ಗೆರಿ, ಉದ್ದ ಗೆರಿ ಹೊಡದು ಮೂರ ಮನಿ ಮಾಡಿದೆ. ತಾರೀಖು, ಅಡ್ಡ ನಿಂತದ್ದು, ಅದರಿಂದ ಬುಟ್ಟಿ ಆದದ್ದು. ನನ್ನ ಕಡೀ ನಾಲ್ಕ ಮ್ಯಾಚು ನಾನ ಕೂತು ಬರದೆ. ಒಂದ ಮ್ಯಾಚಿನ್ಯಾಗ ಹುಡುಗನ ಪಾಯಿಂಟ್ ಸೊನ್ನಿ, ಅಡ್ಡ ನಿಂತದ್ದು 19, ಅದರಿಂದ ಬುಟ್ಟಿ ಆದದ್ದು 6. ಕಾರಿನ್ಯಾಗ ಅಳಿಯಾ ಎಂದಿನಂಗ ಬಾಯಿ ತಗದಾ, ನಾ ಹಿಂದಿನ ಸೀಟಿಂದ ನೋಟಬುಕ್ ಮುಂದ ಹಿಡದೆ. ಸಿಗ್ನಲ್ ಹಸರಾದ್ರೂ ಅವ ಗಾಡಿ ಬಿಡಲಿಲ್ಲ, ಹಿಂದಿನವರು ಹಾರ್ನ್ ಹೊಡದ್ರು. ಈಗ ನಾ ಇಲ್ಲ ಅಂತ ಅಕ್ಕನ ಮಗಳು ಬರೀತಾಳ. ಬಸಕಳಿ ಪಲ್ಯದ ನಡುವ ಆಕಿ ಲೆಕ್ಕಾ ತಪ್ಪಿಸ್ತಾಳ ಅಂತ ಹುಡುಗನ ತಕರಾರು.